ಯಾರೂ ಕೂಗದ ನೋಟ

ಗದಗಿನ ಬಸ್‌ಸ್ಟ್ಯಾಂಡಿನ ಗೋಡೆಯತ್ತ ಯಾರಾದರೂ ಕಣ್ಣೆತ್ತಿದ ಕೂಡಲೇ ಕಂಪನಿಗಳು ಆ ನೋಟಕ್ಕೆ ಹರಾಜು ಕೂಗುತ್ತಿದ್ದವು. ಗೆದ್ದ ಕಂಪನಿಯ ಜಾಹೀರಾತು ನೋಡಿದವರ ಹೆಸರು ಹಿಡಿದು ಮಾತಾಡುತ್ತಿತ್ತು. ಇನ್ನು ಬಹಳ ದಿನ ಬದುಕದವರ ನೋಟಕ್ಕೆ ಮಾತ್ರ ಯಾರೂ ಕೂಗುತ್ತಿರಲಿಲ್ಲ. ಡಾಕ್ಟರು ಹೇಳುವ ಮೊದಲೇ ಅದು ಕಂಪನಿಗಳಿಗೆ ತಿಳಿದಿರುತ್ತಿತ್ತು.

ಗಂಡ ಈರಪ್ಪನನ್ನು ದಿನಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಶಂಕ್ರವ್ವನಿಗೆ ಗೋಡೆ ಕುಕ್ಕರ್ ತೋರಿಸಿತು. ಈರಪ್ಪನ ಮುಂದೆ ಬರೀ ಬಿಳುಪು. ಮೂರು ದಿನದಿಂದ ಹಾಗೆಯೇ.

"ನನ್ನ ಯಾರೂ ಮಾತಾಡಸವಲ್ರು ನೋಡು," ಈರಪ್ಪ ನಕ್ಕ. "ಕಿವಿಗೆ ಆರಾಮಾತು."

ಆ ಬಿಳುಪಿನ ಅರ್ಥ ಗೊತ್ತಿದ್ದ ಶಂಕ್ರವ್ವ ಬಸ್ಸು ಬಂದರೂ ಕೂತೇ ಇದ್ದಳು. ಆಮೇಲೆ ಅವನ ಕೈಹಿಡಿದು ಪೇಟೆಯ ಕಡೆ ತಿರುಗಿದಳು.

"ಅಲ್ಲಲೇ, ಬಸ್ ಹೊಂಟತಿ."

"ಮುಂದಿನ ಬಸ್ಸಿಗೆ ಹೋದರಾತು. ನಿಮಗ ಚಪ್ಪಲಿ ತಗೊಳ್ಳೋಣು ಬರ್ರಿ. ನಾಕೈದು ವರ್ಷ ಬಾಳಿಕಿ ಬರುವಂಥಾವು."