ಬೆರಳಿಗೆ ಸಿಗದ ಹಚ್ಚೆ

ಡಾಕ್ಟರ್ ರುಬಿಯಾ ಕಣ್ಣು ಮುಚ್ಚಿ ಸಾವಿತ್ರೆವ್ವನ ಮುಂಗೈ ಮೇಲೆ ಬೆರಳಾಡಿಸಿದರು. ಎರಡು ತಿಂಗಳ ಹಿಂದೆ, ಬಿಡದ ಕೆಮ್ಮಿಗೆಂದು ಅವಳು ಬಂದಿದ್ದಾಗ ಹೀಗೇ ಮುಟ್ಟಿದರೆ, ಮದುವೆಗೆ ಮುಂಚೆ ಹಾಕಿಸಿದ್ದ ಹಚ್ಚೆಯ ಬಳ್ಳಿ ಎಲೆ ಎಲೆಯಾಗಿ ಬೆರಳಿಗೆ ಸಿಕ್ಕಿತ್ತು. ಚರ್ಮ ಉಬ್ಬಿದ್ದು ಹಸಿರು ಗೆರೆಗಳ ಮೇಲೆ ಮಾತ್ರ. ಅದರಿಂದಲೇ ಇದು ಕ್ಷಯ ಅಲ್ಲವೇನೋ ಎಂದು ಅವರಿಗೆ ಅನುಮಾನ ಬಂದದ್ದು. ಗೆರೆಯಿಂದ ಜೋಳದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಾಗಲಿ ಕಫದಲ್ಲಾಗಲಿ ಕ್ಷಯದ ರೋಗಾಣು ಸಿಗಲಿಲ್ಲ. ಚರ್ಮದಲ್ಲಿ ಇದ್ದದ್ದು ಸಾರ್ಕಾಯ್ಡೋಸಿಸ್‌ನ, ಅಂದರೆ ಪುಪ್ಪುಸಕ್ಕೂ ಚರ್ಮಕ್ಕೂ ಬರುವ, ಅಂಟದ ಒಂದು ಕಾಯಿಲೆಯ ಸಣ್ಣ ಗಂಟುಗಳು. ಗುಳಿಗೆ ಶುರುವಾದ ಮೇಲೆ ಕೆಮ್ಮು ಇಳಿದಿತ್ತು. ಇವತ್ತು ಬೆರಳಿಗೆ ಸಿಕ್ಕಿದ್ದು ಆ ತುಣುಕು ತೆಗೆದ ಕಲೆಯೊಂದೇ.

"ಕಾಗದದಾಗ ಏನರ ಇರಲ್ರಿ," ಎಂದಳು ದವಾಖಾನೆಯ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿ ನಿಂತಿದ್ದ ದಾನೇಶ್ವರಿ. ಅಣ್ಣಿಗೇರಿಯ ಅವಳ ಖಾನಾವಳಿಯಲ್ಲಿ ಹದಿನೆಂಟು ವರ್ಷ ರೊಟ್ಟಿ ಬಡಿದ ಸಾವಿತ್ರೆವ್ವನನ್ನು, ಕೆಮ್ಮು ಶುರುವಾದಾಗಿನಿಂದ ಅವಳು ಒಲೆಯ ಹತ್ತಿರ ಬಿಟ್ಟಿರಲಿಲ್ಲ. "ಉಣ್ಣಾಕ ಬರೂ ಮಂದಿಗೆ ನಾ ಏನ್ ಹೇಳ್ಲಿ?"

"ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ಲಂತ ಹೇಳ್ರಿ. ಗುಳಿಗಿ ಮಾತ್ರ ನಾ ಅನ್ನೂತನಕ ಬಿಡೂಹಂಗಿಲ್ಲ. ಗುಳಿಗಿಗೆ ಬ್ಯಾನಿ ಇಳದೈತಿ, ಕೈ ಮ್ಯಾಲಿನ ಉಬ್ಬೂ ಹೋಗೈತಿ. ನಂಬಿಕಿ ಇಲ್ಲಂದ್ರ ಬರ್ರಿ, ಕಣ್ಣ ಮುಚ್ಚಿ ಹಚ್ಚಿ ಎಲ್ಲೈತಿ ಹುಡುಕ್ರಿ."

ದಾನೇಶ್ವರಿ ತುಸು ಹಿಂಜರಿದು, ಸೆರಗು ಬಿಟ್ಟು ಹತ್ತಿರ ಬಂದಳು. ಕಣ್ಣು ಮುಚ್ಚಿದಳು. ಅವಳ ಬೆರಳು ಮಣಿಕಟ್ಟಿನಿಂದ ಮೊಣಕೈವರೆಗೆ ಹೋಯಿತು, ಹಾಗೇ ತಿರುಗಿ ಬಂತು.

"ಎಲ್ಲಿ ಹೋತವ್ವಾ ನಿನ್ನ ಬಳ್ಳಿ?"

"ಬಳ್ಳಿ ಅಲ್ಲೇ ಐತಿ, ಕಣ್ಣ ತೆರಿ ಬೇ," ಎಂದಳು ಸಾವಿತ್ರೆವ್ವ. "ಜ್ವಾಳದ ಹಿಟ್ಟ ಎಲ್ಲಿಟ್ಟೀ, ಅದನ್ನ ಹೇಳು."