ಮೂರರಲ್ಲಿ ಎರಡು

ಖುಷ್ಬೂ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದಳು. ಬಳ್ಳಾರಿ ಸರ್ವರ್ ಬಂದ್. ಸಿರುಗುಪ್ಪದ್ದು ಬಂದ್. ಕುರುಗೋಡಿನದೂ ಬಂದ್. ನಂಬಲಾಗದೆ ಮತ್ತೊಮ್ಮೆ ಒತ್ತಿದಳು. ಉತ್ತರ ಬದಲಾಗಲಿಲ್ಲ.

ಕೊಟ್ಟೂರಪ್ಪನವರ ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟಿನ ಪ್ಯಾಟರ್ನ್ ಬಿಡಿಸುವ ಸಾಫ್ಟ್‌ವೇರ್ ದುಬಾರಿ ಮಾಲು, ಅದಕ್ಕೆ ತಕ್ಕ ಜಂಬವೂ ಉಂಟು. ಅದರ ಲೈಸೆನ್ಸ್ ಕಾಯುವ ಮೂರು ಸರ್ವರ್‌ಗಳಲ್ಲಿ ಎರಡಾದರೂ ಚಾಲೂ ಇದ್ದರಷ್ಟೇ ತೆರೆಯುತ್ತದೆ. ಅದಕ್ಕೇ ಊರಿಗೊಂದರಂತೆ ಮೂರು ಯೂನಿಟ್ಟುಗಳಲ್ಲೂ ಇಡಿಸಿ, ಒಂದು ನಿಂತರೂ ಹೆದರಬೇಡಿ, ಉಳಿದೆರಡು ನೋಡಿಕೊಳ್ಳುತ್ತವೆ ಎಂದು ಎಲ್ಲರಿಗೂ ಅಭಯ ಕೊಟ್ಟವಳು ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ಖುಷ್ಬೂನೇ.

ಇವತ್ತು ಆಯುಧ ಪೂಜೆ, ಕಾರ್ಖಾನೆಗೆ ರಜೆ. ಆದರೆ ಮಧ್ಯಾಹ್ನದೊಳಗೆ ಮುಂಬೈ ಪಾರ್ಟಿಗೆ ಪ್ಯಾಟರ್ನ್ ಹೋಗದಿದ್ದರೆ ಆರ್ಡರ್ ಕೈಬಿಟ್ಟಂತೆ. "ನಿಮಗೇನು ಆಯುಧ ಪೂಜಿ ಇರಂಗಿಲ್ಲಲ್ಲ, ನೀ ಬಂದು ಕಳಿಸಿ ಹೋಗವ್ವ" ಎಂದು ಸಾಹುಕಾರರು ಅವಳನ್ನೇ ಕರೆಸಿದ್ದರು. ತಾಯಿ ಲಾಲಬೀಗೆ ನಿನ್ನೆ ಕಣ್ಣಿನ ಆಪರೇಷನ್ ಆಗಿದೆ, ಇವತ್ತು ಆಸ್ಪತ್ರೆಯಿಂದ ಕರೆತರಬೇಕು ಎಂದು ಹೇಳಲು ಹೊರಟವಳು ಸುಮ್ಮನಾದಳು. ಸಿರುಗುಪ್ಪದಿಂದ ಅಕ್ಕ ಮುಸ್ಕಾನ್ ಬರುತ್ತಾಳೆ, ಕುರುಗೋಡಿನಿಂದ ತಮ್ಮ ಸಮೀಉಲ್ಲಾ ಬರುತ್ತಾನೆ. ತಾನೊಬ್ಬಳು ಹೋಗದಿದ್ದರೆ ಯಾವ ಮಹಾ ಕೆಲಸ ನಿಂತೀತು?

ಸಿರುಗುಪ್ಪಕ್ಕೆ ಫೋನ್ ಹಚ್ಚಿದಳು.

"ಪೂಜಿ ಮಾಡಿ ಬಂದ್ ಮಾಡೀನ್ರಿ ಮೇಡಂ" ಎಂದ ಅಲ್ಲಿಯ ಸೂಪರ್‌ವೈಸರ್ ಜಡೆಪ್ಪ. "ವರ್ಷಕ್ಕ ಒಂದಿನಾರ ಅದೂ ದಣಿವಾರಿಸ್ಕೊಳ್ಲಿ. ಒಂದು ನಿಂತ್ರ ನಡೀತೈತಿ ಅಂತ ನೀವ ಹೇಳಿದ್ರಲ್ಲ."

ಕುರುಗೋಡಿನ ತಿಪ್ಪೇಸ್ವಾಮಿಯದೂ ಅದೇ ರಾಗ. "ಜಡೆಪ್ಪಂದು ಚಾಲೂ ಇರ್ತೈತಿ, ಸಾವ್ಕಾರ್ದೂ ಇರ್ತೈತಿ ಅನ್ಕೊಂಡಿದ್ನಿರಿ. ನಿಂಬಿಹಣ್ಣು ಇಟ್ಟಾಗೈತಿ, ನಾಳಿ ಮುಂಜಾನಿ ತನಕ ಮುಟ್ಟಂಗಿಲ್ಲ."

ಸಾಹುಕಾರರ ಕೋಣೆಗೆ ಓಡಿದಳು. ಅಲ್ಲಿದ್ದ ಬಳ್ಳಾರಿಯ ಸರ್ವರ್ ಚೆಂಡುಹೂವಿನ ಹಾರದಲ್ಲಿ ಹೂತುಹೋಗಿತ್ತು. ಸರಿಯಾಗಿ ಸ್ವಿಚ್ಚಿನ ಮೇಲೇ ಕುಂಕುಮ. ಕೊಟ್ಟೂರಪ್ಪ ಸುಮ್ಮನೆ ಕೆಮ್ಮಿದರು. "ಉಳಿದೆರಡು ಅದಾವಲ್ಲ ಅಂತ..."

ಖುಷ್ಬೂಗೆ ರೇಗಿಹೋಯಿತು. "ಮೂರೂ ಮಂದಿ 'ಉಳಿದಿಬ್ರು ಅದಾರ' ಅಂತ ಕುಂತ್ರ, ಅಲ್ಲಿ ಇರೋರು ಯಾರ್ರಿ ಸಾವ್ಕಾರ್ರೇ?"

ಆರ್ಡರಿನ ನೆನಪಾದೊಡನೆ ಸಾಹುಕಾರರಿಗೆ ಧರ್ಮಸೂಕ್ಷ್ಮವೊಂದು ಹೊಳೆಯಿತು. "ನೀ ಒತ್ತಿದ್ರ ದೋಷಿಲ್ಲ, ಒತ್ತವ್ವ" ಎಂದರು. ಅವಳು ಹಾರ ಸರಿಸಿ ಒತ್ತಿದಳು. ಬಳ್ಳಾರಿ ಎದ್ದಿತು. ಇನ್ನೊಂದು ಬೇಕಲ್ಲ? ವಿಷಯ ಕೇಳಿದ ಜಡೆಪ್ಪ ಫೋನಿನಲ್ಲೇ ಆ ಜಾಣತನ ಕಲಿತುಬಿಟ್ಟ. "ಇಸ್ತ್ರಿ ಮಾಡೋ ಅಲ್ಲಾವುದ್ದೀನ್ ಇಲ್ಲೇ ಓಣ್ಯಾಗ ಅದಾನ, ಕರಸ್ತೀನಿ ತಡೀರಿ."

ಸ್ವಲ್ಪ ಹೊತ್ತಿಗೆ ಸಿರುಗುಪ್ಪವೂ ಎದ್ದಿತು. ಪ್ಯಾಟರ್ನ್ ತೆರೆದುಕೊಂಡು, ಹೊತ್ತಿಗೆ ಸರಿಯಾಗಿ ಮುಂಬೈಗೆ ಹೋಯಿತು. "ಎಲ್ಲಾ ದೇವಿ ದಯಾ" ಎಂದು ಕೊಟ್ಟೂರಪ್ಪ ಅವಳ ಕೈಗೆ ಮಂಡಕ್ಕಿ, ಬಾಳೆಹಣ್ಣು ಕೊಟ್ಟರು. ದೇವಿಯ ಪರವಾಗಿ ಸ್ವಿಚ್ಚು ಒತ್ತಿದವರ ಮಾತು ಬರಲಿಲ್ಲ.

ಖುಷ್ಬೂ ನಿರಾಳವಾಗಿ ತಾಯಿಗೆ ಫೋನ್ ಮಾಡಿದಳು.

"ಅಮ್ಮಾ, ಅಕ್ಕ, ಸಮೀ ಬಂದಾರಲ್ಲ?"

ಲಾಲಬೀ ಎಂದಳು, "ಹೂಂನವ್ವ, ಇಬ್ರೂ ಇಲ್ಲೇ ಅದಾರ. ನೀ ಕೆಲ್ಸ ಮುಗಿಸ್ಕೊಂಡು ನಿಧಾನಕ್ಕ ಬಾ."

ಅವಳ ಹಿಂದಿನಿಂದ ನರ್ಸಿನ ಗಟ್ಟಿ ದನಿ ತೇಲಿ ಬಂತು.

"ಅಜ್ಜೀ, ಬೆಡ್ ಖಾಲಿ ಮಾಡ್ಬೇಕು. ಮೂರು ಮಕ್ಕಳು ಅಂತೀರಿ, ಕರ್ಕೊಂಡು ಹೋಗಾಕ ಒಬ್ರೂ ಬಂದಿಲ್ಲೇನು?"