ಮೊದಲ ಕುರ್ಚಿಯ ತಂತಿ

"ಉಸ್ತಾದ್, ಇವತ್ತು ಆ ಒಂಟಿ ಭಾಗ ನನಗೆ ಬಿಡಿ" ಎಂದು ನಿವೀನ್ ಕೇಳಿಯೇಬಿಟ್ಟಳು. ವೇದಿಕೆಗೆ ಇನ್ನೇನು ಕರೆ ಬರುವುದರಲ್ಲಿತ್ತು.

ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಿದ್ದ ಬಹ್ಗತ್ ಉಸ್ತಾದರು ತಲೆ ಎತ್ತಲಿಲ್ಲ. "ನಾನು ಸತ್ಮೇಲೆ ನುಡಿಸುವಿಯಂತೆ. ಆಗ ಬೇಡ ಅನ್ನೋಕೆ ನಾನಿರಲ್ಲ."

"ಬೆಳಗ್ಗೆ ತಾಲೀಮಿನಲ್ಲಿ ನಿಮ್ಮ ಬೆರಳು ಎರಡು ಸಲ ಜಾರ್ತು."

"ಫೂಲ್ ಕಾಳಿನ ಪಲ್ಯ ತಿಂದು ಕೈ ತೊಳೆದಿರಲಿಲ್ಲ. ಎಣ್ಣೆ ಕಣಮ್ಮಾ, ಎಣ್ಣೆ."

ಎಣ್ಣೆಯಂತೆ! ಎಣ್ಣೆಗೆ ಬೆರಳು ಜಾರೀತು, ನಡುಗುವುದುಂಟೆ? ಕೈರೋದ ಈ ದೊಡ್ಡ ಮೇಳದ ಮೊದಲ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತ ಮನುಷ್ಯ. ಅವರ ಕಮಾನು ಎದ್ದರೆ ಎಲ್ಲರ ಕಮಾನೂ ಏಳುತ್ತಿತ್ತು. ಇವತ್ತು ಮೇಳವೆಲ್ಲ ಸುಮ್ಮನಾಗಿ ಅವರೊಬ್ಬರೇ ನುಡಿಸಬೇಕಾದ ಭಾಗವಿದೆ. ಅಲ್ಲಿ ಎಡವಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಪಕ್ಕದ ಕುರ್ಚಿಯ ನಿವೀನ್‌ಗೆ ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಇಷ್ಟು ವರ್ಷ ಅವಳಿಗೆ ಸಿಕ್ಕ ಮರ್ಯಾದೆಯೆಂದರೆ ಇಬ್ಬರ ಮುಂದಿನ ಸ್ವರದ ಹಾಳೆ ತಿರುಗಿಸುವುದು. ಎರಡನೆಯ ಕುರ್ಚಿಯವರ ಕೆಲಸವೇ ಅದು. ಇನ್ನೊಂದು ರೂಢಿಯೂ ಉಂಟು. ಮೊದಲ ಕುರ್ಚಿಯ ತಂತಿ ಹರಿದರೆ ತುಟಿಪಿಟಕ್ಕೆನ್ನದೆ ತನ್ನ ಪಿಟೀಲು ಕೊಟ್ಟುಬಿಡಬೇಕು.

ವೇದಿಕೆಯ ಮೇಲೆ ನುಡಿಸುತ್ತಿದ್ದ ಮೇಳ ಮೆಲ್ಲಗಾಯಿತು. ಅವರ ಸರದಿ ಬಂತು. ನಿವೀನ್ ಹಾಳೆಗೆ ಕೈಚಾಚಿದ್ದಾಗ ಡುಂಯ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಉಸ್ತಾದರ ಪಿಟೀಲಿನ ಒಂದು ತಂತಿ ಜೋತುಬಿದ್ದಿದೆ. ಅಯ್ಯೋ ದೇವರೇ, ಈಗಲೇ ಆಗಬೇಕಿತ್ತೆ! ರೂಢಿಯಂತೆ ತನ್ನ ಪಿಟೀಲು ನೀಡಿದಳು.

ಉಸ್ತಾದರು ಅದನ್ನು ಅವಳ ಮಡಿಲಿಗೇ ತಳ್ಳಿದರು. "ನುಡಿಸೇ! ನನ್ನ ಮುಖ ಏನು ನೋಡ್ತೀಯಾ?"

ನುಡಿಸಿದಳು. ಮೊದಲ ಸಾಲು ಹೆದರಿಕೆಯಲ್ಲೇ ಕಳೆಯಿತು. ಆಮೇಲೆ ಅವಳಿಗೆ ಸಭೆ ಕಾಣಲಿಲ್ಲ. ಹಾಳೆ ಮುಗಿಯುವ ಹೊತ್ತಿಗೆ ನಡುಗುವ ಕೈಯೊಂದು ಬಂದು ಅದನ್ನು ತಿರುಗಿಸಿತು. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಳಗಿನ ಕೋಣೆಯಲ್ಲಿ ಉಸ್ತಾದರದ್ದೇ ಗದ್ದಲ. "ಹಾಳಾದ ತಂತಿ! ಇವತ್ತೇ ಸಾಯ್ಬೇಕಿತ್ತಾ? ಇಲ್ಲಾಂದ್ರೆ ತೋರಿಸ್ತಿದ್ದೆ ನಾನು!"

ಎಲ್ಲರೂ ಪಾಪ ಎಂದರು. ಚೆಲ್ಲೊ ನುಡಿಸುವ ಫಿಕ್ರಿ ಮಾತ್ರ ಕಿಸಕ್ಕನೆ ನಕ್ಕ. "ತಂತಿಗೂ ಹೊತ್ತುಗೊತ್ತು ಚೆನ್ನಾಗಿ ತಿಳಿಯುತ್ತೆ, ಉಸ್ತಾದ್. ಪಿಟೀಲು ಕೊಡಿ, ಎಲ್ಲಿ ಹರಿದಿದೆ ನೋಡೋಣ."

ಉಸ್ತಾದರು ಪಿಟೀಲಿನ ಪೆಟ್ಟಿಗೆಯ ಮುಚ್ಚಳ ಅದುಮಿ ಹಿಡಿದರು. ಅದನ್ನು ನೋಡಿದ ನಿವೀನ್ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು. "ಅದು ನನ್ನ ಕೆಲಸ. ನೀನು ಚಹಾ ಕುಡಿ."

ಕಿಟಕಿಯ ಕಡೆ ತಿರುಗಿ ಪೆಟ್ಟಿಗೆ ತೆರೆದಳು. ತಂತಿ ಎಲ್ಲೂ ಹರಿದಿರಲಿಲ್ಲ. ಉಸ್ತಾದರೇ ಬಿರಡೆ ತಿರುಗಿಸಿ ಸಡಿಲ ಬಿಟ್ಟಿದ್ದರು, ಅಷ್ಟೆ. ಹಿಂದಿನಿಂದ ಫಿಕ್ರಿಯ ಹೆಜ್ಜೆ ಹತ್ತಿರ ಬರುತ್ತಿತ್ತು. ನಿವೀನ್ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಜೋರಾಗಿ ಕೆಮ್ಮುತ್ತಾ, ಒಂದೇ ಸಲ ಜಗ್ಗಿದಳು.

"ತಗೋ, ಕಣ್ತುಂಬಾ ನೋಡು" ಎಂದು ಎರಡು ತುಂಡುಗಳನ್ನು ಅವನ ಮುಂದೆ ಹಿಡಿದಳು. ಫಿಕ್ರಿ ಸಪ್ಪೆ ಮುಖ ಮಾಡಿಕೊಂಡು ಚಹಾದ ಕಡೆ ನಡೆದ.

ಅವಳ ಬೆರಳಿನಿಂದ ರಕ್ತ ಬರುತ್ತಿತ್ತು. ಉಸ್ತಾದರು ಹತ್ತಿರ ಬಂದು ತಮ್ಮ ಕರವಸ್ತ್ರ ಬಿಚ್ಚಿ ಅದಕ್ಕೆ ಸುತ್ತಿದರು. ಗಂಟು ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯಿತು.

"ನಾಳೆಯಿಂದ ನೀನು ನನ್ನ ಕುರ್ಚೀಲಿ ಕೂತ್ಕೋ" ಎಂದರು, ಅವಳಿಗೆ ಮಾತ್ರ ಕೇಳುವಂತೆ. "ಹಾಳೆ ತಿರುಗಿಸೋಕೆ ಕೈ ನಡುಗಿದ್ರೂ ನಡಿಯುತ್ತೆ."